ಸೈಟ್ ನಿಮ್ಮದು, ಒಳಗೆ ಯಾರಿಗೆ ಯಾವ ಅನುಮತಿ ಇದೆ? ಹೋಮ್‌ಸ್ಟೇ, ಕಾಫಿ ವ್ಯಾಪಾರದವರು ನೋಡಿಕೊಳ್ಳಬೇಕಾದ್ದು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹೋಮ್‌ಸ್ಟೇ ಇಟ್ಟವರಲ್ಲಿ ಎಷ್ಟೋ ಜನರಿಗೆ ಈಗ ಸ್ವಂತ ವೆಬ್‌ಸೈಟ್ ಇದೆ. ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ, ನೇರವಾಗಿ ಮಾರುವವರಿಗೂ ಇದೆ. ಸೈಟ್ ಮಾಡಿಕೊಟ್ಟವರು ಒಬ್ಬರು. ಫೋಟೋ ಹಾಕುವವರು ಇನ್ನೊಬ್ಬರು. ಬೆಂಗಳೂರಿನಲ್ಲಿರುವ ಮಗಳೋ ಮಗನೋ ಆಗಾಗ ಒಳಗೆ ಹೋಗಿ ಏನಾದರೂ ಸರಿಮಾಡುತ್ತಾರೆ. ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗೂ ಒಂದು ಲಾಗಿನ್ ಕೊಟ್ಟಿರುತ್ತಾರೆ.

ಸಾಲು ರಜೆ ಬಂದಾಗ ತೊಡಕು ಕಾಣುತ್ತದೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿವೆ, ರೂಮಿನ ದರ ಬದಲಿಸಬೇಕು. ಮಾಲೀಕರು ಲಾಗಿನ್ ಆಗುತ್ತಾರೆ. ದರದ ಪುಟವೇ ಕಾಣುವುದಿಲ್ಲ. ಅಥವಾ ಪುಟ ಸಿಗುತ್ತದೆ, ದರವೂ ಬದಲಾಗುತ್ತದೆ, ಆದರೆ ತಳದಲ್ಲಿರುವ ಹಳೆ ಫೋನ್ ನಂಬರ್ ಮಾತ್ರ ಹಾಗೇ ಉಳಿಯುತ್ತದೆ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ನಾಲ್ಕು ಫೋಟೋ ಹಾಕಲು ಕೊಟ್ಟ ಲಾಗಿನ್‌ನಿಂದ ಇಡೀ ಸೈಟನ್ನೇ ಅಳಿಸಬಹುದು ಅನ್ನುವುದು ಎಷ್ಟೋ ಕಡೆ ಯಾರಿಗೂ ಗೊತ್ತಿರುವುದಿಲ್ಲ.

ಈ ಎಲ್ಲದರ ಹಿಂದೆ ಇರುವುದು ಒಂದೇ ವಿಷಯ: ಯೂಸರ್ ಪರ್ಮಿಷನ್, ಅಂದರೆ ಬಳಕೆದಾರರಿಗೆ ಕೊಟ್ಟಿರುವ ಅನುಮತಿ. ಅದನ್ನು ಅರ್ಥ ಮಾಡಿಕೊಳ್ಳಲು ಕಂಪ್ಯೂಟರ್ ಓದಿರಬೇಕಿಲ್ಲ. ಪರೀಕ್ಷಿಸಿ ನೋಡಲೂ ಜಾಸ್ತಿ ಹೊತ್ತು ಬೇಡ.

ಸಿಎಂಎಸ್ ಅಂದರೆ ಏನು?

ಹಿಂದೆ ವೆಬ್‌ಸೈಟಿನ ಒಂದು ಸಾಲು ತಿದ್ದಬೇಕಾದರೂ ಕೋಡ್ ಬರೆಯುವವರೇ ಬೇಕಿತ್ತು. ಈಗ ಹಾಗಿಲ್ಲ. ಸೈಟಿನ ಹಿಂದೆ ಒಂದು ತಂತ್ರಾಂಶ ಕೂತಿರುತ್ತದೆ. ನೀವು ಲಾಗಿನ್ ಆಗಿ, ಟೈಪ್ ಮಾಡಿ, ಗುಂಡಿ ಒತ್ತಿದರೆ ಅದೇ ಪುಟವನ್ನು ಕಟ್ಟಿ ಜನರಿಗೆ ತೋರಿಸುತ್ತದೆ. ಇದಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿಎಂಎಸ್ ಅನ್ನುತ್ತಾರೆ. 2001ರಲ್ಲಿ ಡ್ರೂಪಲ್, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ ಬಂದವು. ಮೂರೂ ಉಚಿತ. ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ 40%ಕ್ಕಿಂತ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಡೆಯುತ್ತವೆ. ನಿಮ್ಮ ಸೈಟ್ ಕೂಡ ಅದರಲ್ಲೇ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಇಲ್ಲಿ ಮುಖ್ಯವಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಸೈಟ್ ಮಾಡಿಕೊಡುವವರ ಮಾತಿನಲ್ಲಿ ನೀವು 'ಕ್ಲೈಂಟ್'. ನಿಮಗಾಗಿ ಅವರು ತೆರೆದ ಖಾತೆ 'ಕ್ಲೈಂಟ್ ಯೂಸರ್'. ಆ ಖಾತೆಗೆ ಏನೇನು ಮಾಡಲು ಬರುತ್ತದೆ ಅನ್ನುವುದನ್ನು ಸೈಟ್ ಒಪ್ಪಿಸುವ ಮೊದಲೇ ನೋಡಿರಬೇಕು. ಎಷ್ಟೋ ಸಲ ಅದು ಆಗಿರುವುದಿಲ್ಲ.

ಲಾಗಿನ್ ಬೇರೆ, ಅನುಮತಿ ಬೇರೆ

ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟಾಗ ಸಿಎಂಎಸ್ ಕೇಳುವ ಪ್ರಶ್ನೆ 'ನೀವು ಯಾರು?' ಅಂತ. ಒಳಗೆ ಬಂದ ಮೇಲೆ, ನೀವು ಒಂದೊಂದು ಗುಂಡಿ ಒತ್ತಿದಾಗಲೂ ಅದು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತದೆ: 'ಈ ಕೆಲಸ ಮಾಡಲು ಇವರಿಗೆ ಅವಕಾಶ ಇದೆಯೇ?' ಪಾಸ್‌ವರ್ಡ್ ಸರಿ ಇದ್ದರೂ ಕೆಲಸ ಆಗದಿರುವುದು ಈ ಎರಡನೇ ಪ್ರಶ್ನೆಗೆ 'ಇಲ್ಲ' ಅನ್ನುವ ಉತ್ತರ ಬಂದಾಗ.

ಕಾಫಿ ತೋಟವನ್ನೇ ನೋಡಿ. ಗೇಟಿನಲ್ಲಿ ಗುರುತು ಹಿಡಿದು ಒಳಗೆ ಬಿಡುತ್ತಾರೆ. ಹಾಗಂತ ಒಳಗೆ ಬಂದವರೆಲ್ಲರ ಕೈಯಲ್ಲೂ ಒಂದೇ ಕೀಗೊಂಚಲು ಇರುವುದಿಲ್ಲ ಅಲ್ವಾ? ಹಣ್ಣು ಕೊಯ್ಯಲು ಬಂದವರಿಗೆ ಗಿಡದ ಸಾಲು. ಮೇಸ್ತ್ರಿಗೆ ತೋಟ ಮತ್ತು ಕಣ. ತೂಕ ಹಾಕಿ ಲೆಕ್ಕ ಬರೆಯುವ ರೈಟರ್ ಹತ್ತಿರ ಗೋಡೌನಿನ ಬೀಗದ ಕೈ. ಬೀರುವಿನ ಕೀಲಿಯೂ ಜಮೀನಿನ ಪತ್ರಗಳೂ ಮಾಲೀಕರ ಹತ್ತಿರ. ಇವರಲ್ಲಿ ಯಾರ ಮೇಲೂ ಅಪನಂಬಿಕೆ ಇಟ್ಟು ಹೀಗೆ ಮಾಡಿದ್ದಲ್ಲ. ಯಾರ ಕೆಲಸಕ್ಕೆ ಯಾವ ಕೀಲಿ ಬೇಕೋ ಅದು ಅವರ ಹತ್ತಿರ ಇದೆ, ಅಷ್ಟೇ.

ಸಿಎಂಎಸ್‌ನಲ್ಲಿ ಒಂದೊಂದು ಕೀಲಿಗೆ 'ಕೇಪಬಿಲಿಟಿ' ಅಥವಾ 'ಪರ್ಮಿಷನ್' ಎಂದು ಹೆಸರು. ಬರಹ ಬರೆಯುವುದು ಒಂದು ಕೀಲಿ, ಪ್ರಕಟಿಸುವುದು ಇನ್ನೊಂದು, ಬೇರೆಯವರು ಬರೆದದ್ದನ್ನು ತಿದ್ದುವುದು ಮತ್ತೊಂದು. ಇಂಥ ಹತ್ತಾರು ಕೀಲಿಗಳನ್ನು ಸೇರಿಸಿದ ಗೊಂಚಲಿಗೆ 'ರೋಲ್' ಅನ್ನುತ್ತಾರೆ. ಒಬ್ಬರಿಗೆ ಒಂದು ರೋಲ್ ಕೊಟ್ಟರೆ ಆ ಗೊಂಚಲು ಪೂರ್ತಿ ಅವರದಾಗುತ್ತದೆ.

ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಬೇಕು ಅನ್ನುವ ತತ್ವ ಹೊಸದಲ್ಲ. 1975ರಲ್ಲೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಇದನ್ನು ಸ್ಪಷ್ಟವಾಗಿ ಬರೆದಿಟ್ಟರು. ಅವರು ಕೊಟ್ಟ ಕಾರಣ ಬಹಳ ಸರಳ: ಅನುಮತಿ ಕಡಿಮೆ ಇದ್ದರೆ ತಪ್ಪಾದಾಗ ಆಗುವ ಹಾನಿಯೂ ಕಡಿಮೆ. ಬೇಕಂತಲೇ ಹಾಳು ಮಾಡುವವರಿಗಿಂತ ಗೊತ್ತಿಲ್ಲದೆ ತಪ್ಪು ಗುಂಡಿ ಒತ್ತುವವರೇ ಜಾಸ್ತಿ ಅನ್ನುವುದನ್ನು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ವರ್ಡ್‌ಪ್ರೆಸ್‌ನ ಐದು ರೋಲ್‌ಗಳು

ಕೆಳಗಿನಿಂದ ಶುರು ಮಾಡೋಣ. ಸಬ್‌ಸ್ಕ್ರೈಬರ್ ಆದವರು ಲಾಗಿನ್ ಆಗಬಹುದು, ತಮ್ಮ ಹೆಸರು, ಇಮೇಲ್, ಪಾಸ್‌ವರ್ಡ್ ಬದಲಿಸಿಕೊಳ್ಳಬಹುದು. ಅದಕ್ಕಿಂತ ಮುಂದೆ ಏನೂ ಇಲ್ಲ.

ಕಾಂಟ್ರಿಬ್ಯೂಟರ್ ಬರಹ ಬರೆದಿಡಬಹುದು, ಪ್ರಕಟಿಸುವಂತಿಲ್ಲ. ಬರೆದದ್ದು ಬೇರೆಯವರ ಒಪ್ಪಿಗೆಗೆ ಕಾಯುತ್ತದೆ. ಇವರು ಫೋಟೋ ಕೂಡ ಏರಿಸಲಾರರು. ಫೋಟೋ ಹಾಕಲು ಬಂದವರಿಗೆ 'ಸಣ್ಣ ರೋಲ್ ಇರಲಿ' ಎಂದು ಇದನ್ನು ಕೊಟ್ಟರೆ ಅವರು ಬಂದ ಕೆಲಸವೇ ಆಗುವುದಿಲ್ಲ.

ಆಥರ್ ತಮ್ಮ ಬರಹವನ್ನು ತಾವೇ ಪ್ರಕಟಿಸಬಹುದು, ತಿದ್ದಬಹುದು, ಅಳಿಸಬಹುದು, ಫೋಟೋ ಏರಿಸಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ವರ್ಡ್‌ಪ್ರೆಸ್‌ನಲ್ಲಿ 'ಪೋಸ್ಟ್' ಬೇರೆ, 'ಪೇಜ್' ಬೇರೆ. ಸುದ್ದಿ, ಬ್ಲಾಗ್ ಬರಹಗಳು ಪೋಸ್ಟ್. 'ನಮ್ಮ ಬಗ್ಗೆ', 'ರೂಮುಗಳು', 'ದರ', 'ತಲುಪುವುದು ಹೇಗೆ' ಇವೆಲ್ಲ ಪೇಜ್. ಆಥರ್‌ಗೆ ಪೇಜ್‌ಗಳ ಮೇಲೆ ಯಾವ ಹಿಡಿತವೂ ಇಲ್ಲ. ಸಾಲು ರಜೆಯ ದಿನ ದರದ ಪುಟ ಕಾಣದೇ ಹೋಗಲು ಇದೇ ಕಾರಣ ಇರಬಹುದು. ಇನ್ನೊಂದು: ಗೂಗಲ್ ಮ್ಯಾಪಿನಿಂದ ನಕ್ಷೆಯ ಕೋಡ್ ತಂದು ಆಥರ್ ತಮ್ಮ ಬರಹಕ್ಕೆ ಅಂಟಿಸಿದರೆ ಸೇವ್ ಮಾಡಿದ ಮೇಲೆ ಅದು ಮಾಯವಾಗುತ್ತದೆ. ಸೈಟ್ ಕೆಟ್ಟಿಲ್ಲ. ಅಂಥ ಕೋಡ್ ಸೇರಿಸುವ ಅನುಮತಿ ಆಥರ್‌ಗೆ ಇಲ್ಲದ್ದರಿಂದ ವರ್ಡ್‌ಪ್ರೆಸ್ ಅದನ್ನು ಸೋಸಿ ತೆಗೆದಿರುತ್ತದೆ.

ಎಡಿಟರ್ ಎಲ್ಲರ ಪೋಸ್ಟ್, ಎಲ್ಲ ಪೇಜ್‌ಗಳನ್ನೂ ತಿದ್ದಬಹುದು, ಅಳಿಸಬಹುದು. ಕಾಮೆಂಟ್‌ಗಳನ್ನು ನೋಡಿಕೊಳ್ಳಬಹುದು. ಮಾಮೂಲಿ ಸೈಟಿನಲ್ಲಿ ಕೋಡ್ ಕೂಡ ಅಂಟಿಸಬಹುದು. ದಿನನಿತ್ಯದ ಕೆಲಸಕ್ಕೆ ಹೋಮ್‌ಸ್ಟೇ ಮಾಲೀಕರಿಗೆ ಈ ರೋಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಎಡಿಟರ್‌ಗೆ ಮೆನು, ಎಲ್ಲ ಪುಟಗಳ ಮೇಲ್ಗಡೆ ಕಾಣುವ ಪಟ್ಟಿ (ಹೆಡರ್), ತಳದ ಪಟ್ಟಿ (ಫುಟರ್) ಇವುಗಳ ಮೇಲೆ ಕೈ ಹಾಕಲು ಬರುವುದಿಲ್ಲ. ಅವು ಥೀಮ್‌ಗೆ, ಅಂದರೆ ಸೈಟಿನ ವಿನ್ಯಾಸಕ್ಕೆ ಸೇರಿದ್ದು. ಪುಟದ ದರ ಬದಲಾದರೂ ತಳದ ಫೋನ್ ನಂಬರ್ ಹಾಗೇ ಉಳಿಯುವುದು ಇದಕ್ಕೇ.

ಎಡಿಟರ್ ರೋಲ್‌ನಿಂದ ಅಪಾಯ ಇಲ್ಲ ಅಂತಲೂ ತಿಳಿಯಬೇಡಿ. ಮುಂಗಡ ಕಳಿಸಲು ಪುಟದಲ್ಲಿ ಹಾಕಿರುವ ಯುಪಿಐ ಕ್ಯುಆರ್ ಕೋಡ್ ಬರೀ ಒಂದು ಚಿತ್ರ. ಎಡಿಟರ್ ಪಾಸ್‌ವರ್ಡ್ ಕದ್ದವರು ಆ ಚಿತ್ರ ಬದಲಿಸಿದರೆ ಅತಿಥಿಗಳ ದುಡ್ಡು ಬೇರೆ ಖಾತೆಗೆ ಹೋಗುತ್ತದೆ. ಪುಟ ನೋಡಲು ಮೊದಲಿನ ಹಾಗೇ ಇರುವುದರಿಂದ ಅತಿಥಿಗಳು ಬಾಗಿಲಿಗೆ ಬಂದು ನಿಂತಾಗಲೇ ವಿಷಯ ಗೊತ್ತಾಗುವುದು. ಹಾಗೆ ಆದದ್ದು ತಿಳಿದ ಕೂಡಲೇ ದುಡ್ಡು ಕಳಿಸಿದವರಿಂದ 1930ಕ್ಕೆ ಕರೆ ಮಾಡಿಸಬೇಕು. ಅದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ.

ಕೊನೆಯದು ಅಡ್ಮಿನಿಸ್ಟ್ರೇಟರ್, ಎಲ್ಲರ ಬಾಯಲ್ಲಿ ಅಡ್ಮಿನ್. ಪ್ಲಗಿನ್ (ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ತಂತ್ರಾಂಶ) ಹಾಕುವುದು, ತೆಗೆಯುವುದು, ವಿನ್ಯಾಸ ಬದಲಿಸುವುದು, ಹೊಸ ಬಳಕೆದಾರರನ್ನು ಸೇರಿಸುವುದು, ಇದ್ದವರನ್ನು ತೆಗೆಯುವುದು, ಎಲ್ಲವೂ ಇವರಿಗೆ ಸಾಧ್ಯ. ಇಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನಿಮ್ಮ ಹೋಸ್ಟಿಂಗ್‌ನಲ್ಲಿ, ಅಂದರೆ ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗದಲ್ಲಿ, ಹಾಕಿಕೊಂಡ ವರ್ಡ್‌ಪ್ರೆಸ್‌ಗೆ 'ಮಾಲೀಕ' ಅನ್ನುವ ಕಲ್ಪನೆಯೇ ಇಲ್ಲ. ಅಡ್ಮಿನ್‌ಗಳೆಲ್ಲ ಸಮ. ಐದು ಜನ ಅಡ್ಮಿನ್ ಇದ್ದರೆ ಐವರಲ್ಲಿ ಯಾರು ಬೇಕಾದರೂ ಉಳಿದ ನಾಲ್ವರನ್ನು ತೆಗೆದುಹಾಕಬಹುದು. ದುಡ್ಡು ಕೊಟ್ಟು ಸೈಟ್ ಮಾಡಿಸಿದವರು ನೀವೇ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಇರುವ 'ಅಡ್ಮಿನಿಸ್ಟ್ರೇಷನ್ ಇಮೇಲ್' ನೋಡಿ 'ಅಲ್ಲಿ ನನ್ನ ಇಮೇಲ್ ಇದೆ, ಹಾಗಾಗಿ ನಾನೇ ಅಡ್ಮಿನ್' ಎಂದುಕೊಳ್ಳುವವರಿದ್ದಾರೆ. ಅದು ಸೂಚನೆಗಳು ಬಂದು ಬೀಳುವ ವಿಳಾಸ. ಅದಕ್ಕೂ ಅನುಮತಿಗೂ ಸಂಬಂಧ ಇಲ್ಲ.

ಆನ್‌ಲೈನ್ ಅಂಗಡಿ ಇದ್ದರೆ

ಕಾಫಿ ಪುಡಿ, ಕಾಳುಮೆಣಸು, ಜೇನು ಮಾರುವ ಸೈಟ್‌ಗಳಲ್ಲಿ ಸಾಮಾನ್ಯವಾಗಿ ವೂಕಾಮರ್ಸ್ ಅನ್ನುವ ಪ್ಲಗಿನ್ ಇರುತ್ತದೆ. ಅದು ತನ್ನ ಜೊತೆ ಎರಡು ಹೊಸ ರೋಲ್ ತರುತ್ತದೆ: ಕೊಳ್ಳುವವರಿಗೆ 'ಕಸ್ಟಮರ್', ಅಂಗಡಿ ನೋಡಿಕೊಳ್ಳುವವರಿಗೆ 'ಶಾಪ್ ಮ್ಯಾನೇಜರ್'.

ಹೆಸರು ನೋಡಿದರೆ ಶಾಪ್ ಮ್ಯಾನೇಜರ್ ಅಂದರೆ ಆರ್ಡರ್ ನೋಡಿ ಪಾರ್ಸೆಲ್ ಕಟ್ಟುವವರು ಅನ್ನಿಸುತ್ತದೆ. ಅವರ ಅನುಮತಿ ಅದಕ್ಕಿಂತ ಬಹಳ ದೊಡ್ಡದು. ವಸ್ತುಗಳ ಬೆಲೆ ಬದಲಿಸಬಹುದು, ರಿಯಾಯಿತಿ ಕೂಪನ್ ಮಾಡಬಹುದು, ಮಾರಾಟದ ವರದಿ ನೋಡಬಹುದು. ವೂಕಾಮರ್ಸ್‌ನ ಸೆಟ್ಟಿಂಗ್ಸ್ ಕೂಡ ಅವರಿಗೆ ತೆರೆಯುತ್ತದೆ. ದುಡ್ಡು ಯಾವ ದಾರಿಯಲ್ಲಿ ಬರಬೇಕು ಅನ್ನುವ ಪೇಮೆಂಟ್ ಸೆಟ್ಟಿಂಗ್ ಅದರೊಳಗೇ ಇದೆ. ಸೈಟಿನ ಪೇಜ್‌ಗಳನ್ನೂ ಅವರು ತಿದ್ದಬಹುದು. ಪ್ಯಾಕಿಂಗ್ ಮಾಡುವ ಹುಡುಗರಿಗೆ ಆರ್ಡರ್ ಪಟ್ಟಿ ಮಾತ್ರ ಕಾಣಬೇಕು ಅಂದರೆ 'ಮೆಂಬರ್ಸ್' ಅಥವಾ 'ಯೂಸರ್ ರೋಲ್ ಎಡಿಟರ್' ತರಹದ ಪ್ಲಗಿನ್ ಹಾಕಿ, ಅವರಿಗೆಂದೇ ಒಂದು ಚಿಕ್ಕ ರೋಲ್ ಮಾಡಿಕೊಡಲು ಸೈಟ್ ಮಾಡಿದವರಿಗೆ ಹೇಳಬೇಕು.

ನಿಮ್ಮ ರೋಲ್ ಯಾವುದು? ಎಡಗಡೆಯ ಪಟ್ಟಿ ನೋಡಿ

ಲಾಗಿನ್ ಆದ ಕೂಡಲೇ ಎಡಗಡೆ ಒಂದು ಉದ್ದದ ಪಟ್ಟಿ ಕಾಣುತ್ತದೆ. ಅದರಲ್ಲಿ 'ಯೂಸರ್ಸ್', 'ಪ್ಲಗಿನ್ಸ್', 'ಸೆಟ್ಟಿಂಗ್ಸ್' ಮೂರೂ ಇದ್ದರೆ ಸಾಮಾನ್ಯವಾಗಿ ನೀವು ಅಡ್ಮಿನ್. 'ಯೂಸರ್ಸ್' ಇರಬೇಕಾದ ಜಾಗದಲ್ಲಿ 'ಪ್ರೊಫೈಲ್' ಅಂತ ಮಾತ್ರ ಇದ್ದರೆ ನೀವು ಅಡ್ಮಿನ್ ಅಲ್ಲ. 'ಪೇಜಸ್' ಇದ್ದು 'ಪ್ಲಗಿನ್ಸ್' ಇಲ್ಲದಿದ್ದರೆ ಬಹುತೇಕ ಎಡಿಟರ್. 'ಪೋಸ್ಟ್ಸ್' ಇದ್ದು 'ಪೇಜಸ್' ಕೂಡ ಇಲ್ಲದಿದ್ದರೆ ಆಥರ್ ಅಥವಾ ಕಾಂಟ್ರಿಬ್ಯೂಟರ್.

ಅಡ್ಮಿನ್ ಆಗಿದ್ದರೆ 'ಯೂಸರ್ಸ್' ಒತ್ತಿ. ಸೈಟಿನಲ್ಲಿ ಯಾರ್ಯಾರಿಗೆ ಖಾತೆ ಇದೆ, ಅವರ ಇಮೇಲ್ ಏನು, ರೋಲ್ ಯಾವುದು ಎಂದು ಒಂದೇ ಪುಟದಲ್ಲಿ ಕಾಣುತ್ತದೆ. ಪಟ್ಟಿಯ ಮೇಲ್ಗಡೆ ಯಾವ ರೋಲ್‌ನಲ್ಲಿ ಎಷ್ಟು ಜನ ಎಂಬ ಲೆಕ್ಕವೂ ಇರುತ್ತದೆ. 'ಅಡ್ಮಿನಿಸ್ಟ್ರೇಟರ್' ಮೇಲೆ ಒತ್ತಿ ಬರುವ ಹೆಸರುಗಳನ್ನು ಒಂದೊಂದಾಗಿ ಓದಿ. ಪ್ರತಿ ಹೆಸರಿಗೂ 'ಇವರು ಯಾರು, ಈಗಲೂ ನಮ್ಮ ಕೆಲಸ ಮಾಡುತ್ತಿದ್ದಾರಾ' ಎಂದು ಕೇಳಿಕೊಳ್ಳಿ. ಗುರುತೇ ಸಿಗದ ಹೆಸರು ಕಂಡರೆ ಆ ದಿನವೇ ವಿಚಾರಿಸಿ.

ಅದೇ ಕೂತಲ್ಲಿ ಇನ್ನೊಂದು ಜಾಗ ನೋಡಿ. ಸೆಟ್ಟಿಂಗ್ಸ್‌ನ 'ಜನರಲ್' ಪುಟದಲ್ಲಿ 'ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು' ಎಂಬ ಅರ್ಥದ ಒಂದು ಚೌಕ ಇದೆ. ಅದರ ಕೆಳಗೆ, ಹಾಗೆ ಬಂದವರಿಗೆ ಯಾವ ರೋಲ್ ಕೊಡಬೇಕು ಎಂಬ ಆಯ್ಕೆ. ಅಲ್ಲಿ ಸಬ್‌ಸ್ಕ್ರೈಬರ್ ಅಥವಾ ಕಸ್ಟಮರ್ ಬಿಟ್ಟು ಬೇರೆ ಏನಾದರೂ ಇದ್ದರೆ ಅದು ದೊಡ್ಡ ತೂತು.

ಸೈಟ್ ಮಾಡಿಕೊಡುವವರು ಪರೀಕ್ಷಿಸಬೇಕಾದ ರೀತಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಸೈಟ್ ಮಾಡಿದವರು ಯಾವಾಗಲೂ ಅಡ್ಮಿನ್ ಆಗಿ ಲಾಗಿನ್ ಆಗಿರುತ್ತಾರೆ. ಅವರ ಪರದೆಯಲ್ಲಿ ಎಲ್ಲವೂ ಕಾಣುತ್ತದೆ, ಎಲ್ಲವೂ ಕೆಲಸ ಮಾಡುತ್ತದೆ. 'ನನಗೆ ಬರ್ತಿದೆಯಲ್ಲ, ನಿಮಗೂ ಬರಬೇಕು' ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಮಾಲೀಕರ ಖಾತೆಯಲ್ಲಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ಅದೇ ರೋಲ್ ಇರುವ ಖಾತೆಯಲ್ಲಿ ಒಳಗೆ ಹೋಗಿ ನೋಡಬೇಕು. ಊಹೆ ಸಾಲದು.

ಮಾಲೀಕರ ಪಾಸ್‌ವರ್ಡ್ ಕೇಳುವ ಅಗತ್ಯ ಇಲ್ಲ, ಕೇಳಲೂ ಬಾರದು. ಅವರಿಗೆ ಕೊಟ್ಟ ರೋಲ್‌ನಲ್ಲೇ ಒಂದು ಪರೀಕ್ಷೆಯ ಖಾತೆ ತೆರೆದರೆ ಸಾಕು. ಹೊಸ ಇಮೇಲ್ ಕೂಡ ಬೇಡ. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರು ಮುಗಿದ ಮೇಲೆ, @ ಗುರುತಿಗೆ ಮೊದಲು, ಕೂಡಿಸುವ ಚಿಹ್ನೆ (+) ಹಾಕಿ 'test' ಎಂದು ಸೇರಿಸಿದರೂ ಪತ್ರ ನಿಮ್ಮ ಅದೇ ಅಂಚೆಪೆಟ್ಟಿಗೆಗೆ ಬರುತ್ತದೆ. ವರ್ಡ್‌ಪ್ರೆಸ್ ಮಾತ್ರ ಅದನ್ನು ಬೇರೆ ವಿಳಾಸ ಎಂದೇ ಎಣಿಸುತ್ತದೆ. ಆಮೇಲೆ ಬ್ರೌಸರ್‌ನ ಪ್ರೈವೇಟ್ ಕಿಟಕಿ ತೆರೆದು ಆ ಖಾತೆಯಲ್ಲಿ ಲಾಗಿನ್ ಆಗಿ. ಒಂದು ಕಿಟಕಿಯಲ್ಲಿ ಅಡ್ಮಿನ್, ಇನ್ನೊಂದರಲ್ಲಿ ಕ್ಲೈಂಟ್. ಅಕ್ಕಪಕ್ಕ ಇಟ್ಟು ನೋಡಬಹುದು. ಪದೇ ಪದೇ ಬೇಕಾದರೆ 'ಯೂಸರ್ ಸ್ವಿಚಿಂಗ್' ಎಂಬ ಪ್ಲಗಿನ್ ಇದೆ. ಪಾಸ್‌ವರ್ಡ್ ಇಲ್ಲದೆ ಅಡ್ಮಿನ್ ಇನ್ನೊಬ್ಬರ ಖಾತೆಗೆ ಹೋಗಿ, ನೋಡಿ, ವಾಪಸ್ ಬರಬಹುದು.

ಒಳಗೆ ಹೋದ ಮೇಲೆ ಸುಮ್ನೆ ಪಟ್ಟಿ ನೋಡಿ ಹೊರಬರಬೇಡಿ. ಮಾಲೀಕರು ನಿಜವಾಗಿ ಮಾಡುವ ಕೆಲಸಗಳನ್ನು ಮಾಡಿ. ದರ ಬದಲಿಸಿ ಸೇವ್ ಮಾಡಿ, ಹೊರಗಿನಿಂದ ಪುಟ ತೆರೆದು ಬದಲಾಗಿದೆಯಾ ನೋಡಿ. ಹೊಸ ಫೋಟೋ ಏರಿಸಿ, ಹಳೆಯದನ್ನು ತೆಗೆಯಿರಿ. ಬುಕಿಂಗ್ ಫಾರ್ಮ್‌ನಲ್ಲಿ ಬಂದ ವಿವರ ತೆರೆಯುತ್ತದೆಯಾ? ಫೋನ್ ನಂಬರ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬದಲಿಸಲು ಬರುತ್ತದೆಯಾ? ಮುಂದೆ, ಅವರಿಗೆ ಬೇಡದ ಕೆಲಸಗಳನ್ನೂ ಪ್ರಯತ್ನಿಸಿ: ಪ್ಲಗಿನ್ ನಿಲ್ಲಿಸುವುದು, ಬಳಕೆದಾರರನ್ನು ಸೇರಿಸುವುದು. ಇವು ಆಗಬಾರದು. ಆಗಬೇಕಾದ್ದು ಆಗುವುದನ್ನು ಎಲ್ಲರೂ ನೋಡುತ್ತಾರೆ, ಆಗಬಾರದ್ದು ಆಗದೇ ಇರುವುದನ್ನು ನೋಡುವವರು ಕಡಿಮೆ. ಪರೀಕ್ಷೆ ಮುಗಿದ ಮೇಲೆ ಆ ಟೆಸ್ಟ್ ಖಾತೆಯನ್ನು ಅಳಿಸಿ.

ಕಾಣದಿದ್ದರೆ ಇಲ್ಲ ಅಂತಲ್ಲ

ಕೆಲವರು ಕ್ಲೈಂಟ್‌ಗೆ ಅಡ್ಮಿನ್ ರೋಲ್ ಕೊಟ್ಟು, ಗೊಂದಲ ಬೇಡ ಎಂದು 'ಪ್ಲಗಿನ್ಸ್', 'ಸೆಟ್ಟಿಂಗ್ಸ್' ಮೆನುಗಳನ್ನು ಮರೆಮಾಡುತ್ತಾರೆ. ಪರದೆ ಚೊಕ್ಕಟವಾಗಿ ಕಾಣುತ್ತದೆ. ಆದರೆ ಅನುಮತಿ ಎಲ್ಲೂ ಹೋಗಿಲ್ಲ. ಆ ಪುಟದ ವಿಳಾಸವನ್ನು ನೇರವಾಗಿ ಟೈಪ್ ಮಾಡಿದರೆ ತೆರೆದುಕೊಳ್ಳಬಹುದು.

ಇದನ್ನು ಕಂಡುಹಿಡಿಯುವುದು ಸುಲಭ. ಅಡ್ಮಿನ್ ಕಿಟಕಿಯಲ್ಲಿ ಪ್ಲಗಿನ್ ಪುಟದ ವಿಳಾಸ ನಕಲಿಸಿಕೊಂಡು, ಕ್ಲೈಂಟ್ ಕಿಟಕಿಯ ವಿಳಾಸಪಟ್ಟಿಗೆ ಅಂಟಿಸಿ ಎಂಟರ್ ಒತ್ತಿ. 'ಕ್ಷಮಿಸಿ, ಈ ಪುಟಕ್ಕೆ ಬರಲು ನಿಮಗೆ ಅನುಮತಿ ಇಲ್ಲ' ಎಂಬ ಅರ್ಥದ ಸಾಲು ಬಂದರೆ ನಿಜವಾಗಿ ತಡೆದಿದ್ದಾರೆ. ಪುಟ ತೆರೆದರೆ ಬರೀ ಮರೆಮಾಡಿದ್ದಾರೆ.

ಅನುಮತಿ ಇದ್ದೂ ಕೆಲಸ ಆಗದಿದ್ದರೆ

ರೋಲ್ ಸರಿ ಇದೆ, ಆದರೂ ಪುಟ ತಿದ್ದಲು ಬರುತ್ತಿಲ್ಲ ಅಂದರೆ ಮೊದಲು ಪೇಜ್ ಬಿಲ್ಡರ್, ಅಂದರೆ ಪುಟದ ವಿನ್ಯಾಸ ಕಟ್ಟಲು ಬಳಸುವ ಪ್ಲಗಿನ್ ಕಡೆ ನೋಡಿ. ಎಲಿಮೆಂಟರ್‌ನಂಥ ಪ್ಲಗಿನ್‌ಗಳಿಗೆ ತಮ್ಮದೇ ರೋಲ್ ಮ್ಯಾನೇಜರ್ ಇರುತ್ತದೆ. ವರ್ಡ್‌ಪ್ರೆಸ್ 'ಸರಿ' ಅಂದರೂ ಅಲ್ಲಿ 'ಇಲ್ಲ' ಅಂತ ಇರಬಹುದು. ಬುಕಿಂಗ್ ಪ್ಲಗಿನ್, ಫಾರ್ಮ್ ಪ್ಲಗಿನ್‌ಗಳಲ್ಲೂ ಹೀಗೆ ತಮ್ಮದೇ ಅನುಮತಿ ಇರುವುದುಂಟು.

ಎರಡನೆಯದು ಮಲ್ಟಿಸೈಟ್. ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ಸೈಟ್ ನಡೆಸುವ ವ್ಯವಸ್ಥೆ ಇದು. ಕೆಲವು ಏಜೆನ್ಸಿಗಳು ತಮ್ಮ ಎಲ್ಲ ಗ್ರಾಹಕರ ಸೈಟ್‌ಗಳನ್ನೂ ಹೀಗೇ ಇಡುತ್ತವೆ. ಅಲ್ಲಿ ಎಲ್ಲರ ಮೇಲೆ 'ಸೂಪರ್ ಅಡ್ಮಿನ್' ಇರುತ್ತಾರೆ. ನಿಮ್ಮ ರೋಲ್ ಅಡ್ಮಿನ್ ಎಂದೇ ಇದ್ದರೂ ಪ್ಲಗಿನ್ ಹಾಕಲು, ಕೋಡ್ ಅಂಟಿಸಲು ಬರುವುದಿಲ್ಲ. ಇದು ತಪ್ಪೇನಲ್ಲ. ಆದರೆ ಇದನ್ನು ಒಪ್ಪಂದದ ಮೊದಲೇ ಕೇಳಿ ತಿಳಿದಿರಬೇಕು.

ಕೆಲಸ ಬಿಟ್ಟು ಹೋದವರ ಖಾತೆ

ಹಳೆ ಏಜೆನ್ಸಿ ಹೋಯಿತು, ಹೊಸದು ಬಂತು. ಹಳಬರ ಅಡ್ಮಿನ್ ಖಾತೆ ಹಾಗೇ ಇದೆ. ಅವರು ಒಳ್ಳೆಯವರೇ ಇರಬಹುದು, ಆದರೆ ಅವರ ಪಾಸ್‌ವರ್ಡ್ ಎಲ್ಲಾದರೂ ಸೋರಿದರೆ ತೆರೆಯುವುದು ನಿಮ್ಮ ಬಾಗಿಲು.

ತೆಗೆಯುವ ಮೊದಲು ಒಂದು ಹೆಜ್ಜೆ: ಅವರ ರೋಲ್ ಜಾಗದಲ್ಲಿ 'ಈ ಸೈಟಿನಲ್ಲಿ ಯಾವ ರೋಲ್ ಇಲ್ಲ' ಎಂಬ ಆಯ್ಕೆ ಹಾಕಿ ಒಂದೆರಡು ವಾರ ಬಿಡಿ. ಏನೂ ನಿಲ್ಲದಿದ್ದರೆ ಖಾತೆ ಅಳಿಸಿ. ಅಳಿಸುವಾಗ ವರ್ಡ್‌ಪ್ರೆಸ್ ಒಂದು ಪ್ರಶ್ನೆ ಕೇಳುತ್ತದೆ: ಇವರು ಮಾಡಿದ ಪುಟಗಳನ್ನೂ ಅಳಿಸಲೇ, ಅಥವಾ ಬೇರೆಯವರ ಹೆಸರಿಗೆ ವರ್ಗಾಯಿಸಲೇ? ಇಲ್ಲಿ ಅವಸರ ಬೇಡ. ನಿಮ್ಮ ಇಡೀ ಸೈಟಿನ ಪುಟಗಳು ಅವರ ಹೆಸರಿನಲ್ಲೇ ಇರಬಹುದು. ವರ್ಗಾಯಿಸುವುದನ್ನೇ ಆರಿಸಿ.

ಒಬ್ಬರ ಖಾತೆ ಅಳಿಸದೆ ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಇನ್ನೊಂದು ಜಾಗ ನೋಡಬೇಕು. 2020ರ ಕೊನೆಗೆ ಬಂದ 5.6ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ 'ಅಪ್ಲಿಕೇಷನ್ ಪಾಸ್‌ವರ್ಡ್' ಇದೆ. ಮೊಬೈಲ್ ಆ್ಯಪ್, ಹೊರಗಿನ ಸೇವೆಗಳು ಸೈಟಿಗೆ ಬರಲು ಕೊಡುವ ಪ್ರತ್ಯೇಕ ಗುಪ್ತಪದ ಅದು. ಮುಖ್ಯ ಪಾಸ್‌ವರ್ಡ್ ಬದಲಿಸಿದರೂ ಅದು ರದ್ದಾಗುವುದಿಲ್ಲ. ಪ್ರೊಫೈಲ್ ಪುಟದ ಕೆಳಗಡೆ ಹೋಗಿ ಅದನ್ನು ಬೇರೆಯಾಗಿಯೇ ರದ್ದು ಮಾಡಬೇಕು.

ಒಂದೇ ಲಾಗಿನ್ ನಾಲ್ಕು ಜನ ಬಳಸುವ ರೂಢಿ ನಮ್ಮಲ್ಲಿ ಬಹಳ. ಇದರಿಂದ ಆಗುವ ನಷ್ಟ ನೋಡಿ. ವರ್ಡ್‌ಪ್ರೆಸ್ ಪೇಜ್ ಮತ್ತು ಪೋಸ್ಟ್‌ಗಳ ಹಳೆ ರೂಪಗಳನ್ನು 'ರಿವಿಷನ್ಸ್' ಎಂದು ಇಟ್ಟುಕೊಂಡಿರುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಂದು ಅಲ್ಲಿ ಕಾಣುತ್ತದೆ, ಹಳೆಯದನ್ನು ವಾಪಸ್ ತರಲೂ ಬರುತ್ತದೆ. ಎಲ್ಲರೂ ಒಂದೇ ಹೆಸರಿನಲ್ಲಿ ಬಂದರೆ 'ಯಾರು' ಅನ್ನುವುದಕ್ಕೆ ಉತ್ತರವೇ ಇಲ್ಲ. ತಲೆಗೊಂದು ಖಾತೆ ತೆರೆಯಲು ವರ್ಡ್‌ಪ್ರೆಸ್ ದುಡ್ಡು ಕೇಳುವುದಿಲ್ಲ.

ಅತಿಥಿಗಳ ಆಧಾರ್ ಪ್ರತಿ ಎಲ್ಲಿದೆ?

ಹೋಮ್‌ಸ್ಟೇಗೆ ಬರುವವರ ಗುರುತಿನ ಚೀಟಿ ಪಡೆಯುವುದು ವಾಡಿಕೆ. ಕೆಲವರು ಅದನ್ನು ಸೈಟಿನ ಫಾರ್ಮ್ ಮೂಲಕವೇ ತರಿಸಿಕೊಳ್ಳುತ್ತಾರೆ. ಆ ಚಿತ್ರ ವರ್ಡ್‌ಪ್ರೆಸ್‌ನ ಮೀಡಿಯಾ ಲೈಬ್ರರಿಗೆ (ಏರಿಸಿದ ಫೋಟೋ, ಕಡತಗಳೆಲ್ಲ ಇರುವ ಜಾಗ) ಹೋಗಿ ಕೂತರೆ, ಫೋಟೋ ಏರಿಸಲು ಅನುಮತಿ ಇರುವ ಆಥರ್ ಕೂಡ ಅದನ್ನು ಪಟ್ಟಿಯಲ್ಲಿ ನೋಡಬಹುದು. ಅದಕ್ಕಿಂತ ಮುಖ್ಯವಾದದ್ದು: ಮಾಮೂಲಿ ವ್ಯವಸ್ಥೆಯಲ್ಲಿ ಅಲ್ಲಿನ ಕಡತದ ವಿಳಾಸ ಗೊತ್ತಿದ್ದರೆ ಲಾಗಿನ್ ಇಲ್ಲದೆಯೂ ತೆರೆಯುತ್ತದೆ. ರೋಲ್‌ಗಳು ಎಷ್ಟೇ ಸರಿ ಇದ್ದರೂ ಇಲ್ಲಿ ಕಾಯುವುದಿಲ್ಲ. ಗುರುತಿನ ಚೀಟಿಗಳನ್ನು ಆ ದಾರಿಯಲ್ಲಿ ತರಿಸಿಕೊಳ್ಳಲೇಬೇಡಿ ಎಂದು ಒತ್ತಿ ಹೇಳುತ್ತೇನೆ.

ಇದರಲ್ಲಿ ಕಾನೂನಿನ ಮಾತೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಜನರ ಮಾಹಿತಿ ಇಟ್ಟುಕೊಂಡವರು ಅದನ್ನು ಯಾರು ನೋಡಬಹುದು ಎಂಬುದರ ಮೇಲೆ ಹಿಡಿತ ಇಟ್ಟುಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಸರಿಯಾದ ರಕ್ಷಣೆ ಇಲ್ಲದೆ ಮಾಹಿತಿ ಸೋರಿದರೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ.

ಜೂಮ್ಲಾ, ಡ್ರೂಪಲ್ ಇದ್ದರೆ

ಜೂಮ್ಲಾದಲ್ಲಿ ರೋಲ್ ಬದಲು ಗುಂಪುಗಳಿವೆ, ಒಂದರ ಕೆಳಗೆ ಒಂದು. ಮೇಲಿನ ಗುಂಪಿನಲ್ಲಿ ಒಂದು ಕೆಲಸಕ್ಕೆ 'ನಿರಾಕರಿಸಲಾಗಿದೆ' ಎಂದು ಹಾಕಿದರೆ ಕೆಳಗಿನ ಗುಂಪಿನಲ್ಲಿ 'ಅನುಮತಿ ಇದೆ' ಎಂದು ಬದಲಿಸಿದರೂ ಪ್ರಯೋಜನ ಇಲ್ಲ. ಅಲ್ಲಿ ಕೆಲಸ ಆಗದಿದ್ದಾಗ ಮೇಲಿನ ಗುಂಪಿನಿಂದ ಹುಡುಕುತ್ತಾ ಬರಬೇಕು.

ಡ್ರೂಪಲ್‌ನಲ್ಲಿ ಎಲ್ಲ ಅನುಮತಿಗಳೂ ಒಂದು ದೊಡ್ಡ ಕೋಷ್ಟಕದಲ್ಲಿವೆ. ಅಡ್ಡ ಸಾಲಿಗೊಂದು ಅನುಮತಿ, ಕಂಬ ಸಾಲಿಗೊಂದು ರೋಲ್, ನಡುವೆ ಗುರುತು ಹಾಕುವ ಚೌಕಗಳು. ಒಬ್ಬರಿಗೆ ಎರಡು ಮೂರು ರೋಲ್ ಕೊಡಬಹುದು, ಆಗ ಅನುಮತಿಗಳು ಕೂಡಿಕೊಳ್ಳುತ್ತವೆ. ಪರೀಕ್ಷೆ ಮಾಡುವ ರೀತಿ ಎರಡರಲ್ಲೂ ಮೇಲೆ ಹೇಳಿದ್ದೇ.

ಸೈಟಿನ ಹೊರಗಿರುವ ಎರಡು ಖಾತೆ

ವರ್ಡ್‌ಪ್ರೆಸ್‌ನ ಒಳಗೆ ಎಷ್ಟೇ ಅಚ್ಚುಕಟ್ಟಾಗಿ ಅನುಮತಿ ಹಂಚಿದರೂ ಹೋಸ್ಟಿಂಗ್ ಖಾತೆ ಯಾರ ಹತ್ತಿರ ಇದೆಯೋ ಅವರು ಎಲ್ಲವನ್ನೂ ದಾಟಿ ಹೋಗಬಹುದು. ಯಾರಿಗೆ ಯಾವ ರೋಲ್ ಅನ್ನುವುದು ಕೊನೆಗೆ ಡೇಟಾಬೇಸ್‌ನಲ್ಲಿ, ಅಂದರೆ ಸೈಟಿನ ಮಾಹಿತಿಯೆಲ್ಲ ಇರುವ ಕಡತದಲ್ಲಿ, ಬರೆದಿಟ್ಟ ಒಂದು ಸಾಲು. ಹೋಸ್ಟಿಂಗ್ ಮೂಲಕ ಡೇಟಾಬೇಸ್ ತೆರೆದವರು ತಮಗೆ ತಾವೇ ಅಡ್ಮಿನ್ ರೋಲ್ ಬರೆದುಕೊಳ್ಳಬಹುದು. ಇದಕ್ಕೊಂದು ಒಳ್ಳೆಯ ಮುಖವೂ ಇದೆ. ಹೋಸ್ಟಿಂಗ್ ನಿಮ್ಮ ಹೆಸರಿನಲ್ಲಿದ್ದರೆ, ಅಡ್ಮಿನ್ ಖಾತೆ ಕಳೆದುಕೊಂಡರೂ ಅದೇ ದಾರಿಯಲ್ಲಿ ವಾಪಸ್ ಪಡೆಯಬಹುದು.

ಇನ್ನೊಂದು ಡೊಮೇನ್, ಅಂದರೆ ಸೈಟಿನ ವಿಳಾಸ. ಅದು ಸೈಟ್ ಮಾಡಿದವರ ಖಾತೆಯಲ್ಲಿ, ಅವರ ಇಮೇಲ್‌ನಲ್ಲಿ ನೋಂದಣಿ ಆಗಿದ್ದರೆ ನವೀಕರಣದ ನೋಟಿಸ್ ಹೋಗುವುದು ಅವರಿಗೆ. ಅವರು ನೋಡದೇ ಹೋದರೆ ಒಂದು ಬೆಳಿಗ್ಗೆ ಸೈಟ್ ತೆರೆಯುವುದಿಲ್ಲ, ಡೊಮೇನ್‌ಗೆ ಸೇರಿದ ಇಮೇಲ್ ಕೂಡ ನಿಲ್ಲುತ್ತದೆ.

ಹಾಗಾಗಿ ಸೈಟ್ ಮಾಡಿದವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಡೊಮೇನ್ ಯಾವ ಇಮೇಲ್‌ನಲ್ಲಿದೆ, ಹೋಸ್ಟಿಂಗ್ ಯಾರ ಹೆಸರಲ್ಲಿದೆ, ನನ್ನ ಹೆಸರಿನಲ್ಲಿ ಒಂದು ಅಡ್ಮಿನ್ ಖಾತೆ ಇದೆಯಾ. ಆ ಅಡ್ಮಿನ್ ಖಾತೆಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿಸಿ, ಬೇಕಾದಾಗ ಮಾತ್ರ ತೆರೆಯಿರಿ. ದಿನದ ದರ, ಫೋಟೋ ಬದಲಾವಣೆಗೆ ಬೇರೆ ಎಡಿಟರ್ ಖಾತೆ ಇಟ್ಟುಕೊಳ್ಳಿ. ಅರೇಬಿಕಾ ಕೊಯ್ಲು ಶುರುವಾದರೆ ಈ ಕಡೆ ತಲೆ ಹಾಕಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ. ಅದಕ್ಕೆ ಮೊದಲೇ ಕೇಳಿ.